ಸೆರಗಿನ ಮರೆಯ ನೆಗ್ಗು

ಗುಂಡಿ ಡಬ್ಬಿ ನಿಮ್ಮ ಮನೆಯಲ್ಲೂ ಇರಬೇಕು. ಅದಿಲ್ಲದ ಮನೆಯನ್ನು ನಾನಂತೂ ಕಂಡಿಲ್ಲ. ಯಾವುದೋ ಕಾಲದ ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಮಾಸಿಹೋದ ಹಿಮದ ಬೆಟ್ಟ, ಒಳಗೆ ಜೋಡಿ ತಪ್ಪಿದ ಗುಂಡಿಗಳು, ರವಿಕೆಯ ಹುಕ್ಕುಗಳು, ಮೂತಿ ಸೊಟ್ಟಗಾದ ಸೇಫ್ಟಿ ಪಿನ್ನು, ಬೀಗ ಕಳೆದುಹೋದ ಬೀಗದ ಕೈ. ಮೊನ್ನೆ ನಮ್ಮ ಯಜಮಾನರ ಅಂಗಿಗೊಂದು ಬಿಳಿ ಗುಂಡಿ ಬೇಕಾಗಿ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದುಕೊಂಡು ಕೂತೆ. ಗುಂಡಿ ಸಿಗಲಿಲ್ಲ. ಹಿತ್ತಾಳೆಯ ಒಂದು ಕ್ಲಿಪ್ಪು ಸಿಕ್ಕಿತು. ಹುಣಸೆಬೀಜದಷ್ಟು ಗಾತ್ರ, ಎರಡು ಕಿವಿಗಳನ್ನು ಮಡಿಸಿಕೊಂಡ ಹಾಗಿದೆ, ಮೂಲೆಯಲ್ಲಿ ಹಸಿರು ಕಿಲುಬು. ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, "ಗುಂಡಿ ಹುಡುಕ್ತಿದೀಯೋ, ಬಿತ್ತಿ ಬೆಳೀತಿದೀಯೋ?" ಎಂದು ಯಜಮಾನರು ಬನಿಯನ್ನಿನಲ್ಲೇ ಬಂದು ಬಾಗಿಲಿಗೊರಗಿ ನಿಂತರು.

ಅದು ಕಾರಿನ ಬೀಡಿಂಗಿನ ಕ್ಲಿಪ್ಪು. ಹಳೆಯ ಕಾರುಗಳ ಪಕ್ಕೆಯಲ್ಲಿ, ಮುಂದಿನ ಚಕ್ರದ ಮೇಲಿನಿಂದ ಹಿಂದಿನ ದೀಪದವರೆಗೆ, ಬೆಳ್ಳಿಯ ಗೆರೆಯಂತೆ ಹೊಳೆಯುವ ಪಟ್ಟಿಯೊಂದು ಓಡುತ್ತದಲ್ಲ, ಅದೇ ಬೀಡಿಂಗು. ಆ ಪಟ್ಟಿಯನ್ನು ಬಾಗಿಲ ತಗಡಿಗೆ ಕಚ್ಚಿ ಹಿಡಿಯುವುದು ಹಿಂದೆ ಅಡಗಿರುವ ಇಂಥ ಕ್ಲಿಪ್ಪುಗಳು. ನಾನು ಕಾನ್ವೆಂಟಿನಲ್ಲಿ ಓದಿದವಳೆಂಬ ಗತ್ತಿನಲ್ಲಿ ಮಂಡ್ಯದ ಗ್ಯಾರೇಜೊಂದರಲ್ಲಿ ಅದನ್ನು 'ಟ್ರಿಮ್' ಎಂದು ಕರೆದಾಗ, ಅಲ್ಲಿನ ಮೇಸ್ತ್ರಿ ರೋಡಿನ ಆಚೆ ಬದಿಯ ಸಲೂನಿನ ಕಡೆ ಕೈ ತೋರಿಸಿದ್ದ. ಅವತ್ತಿನಿಂದ ನಾನೂ ಬೀಡಿಂಗು ಎಂದೇ ಅನ್ನುತ್ತೇನೆ.

ಕಾರು ನಮ್ಮ ಅಪ್ಪನದು. ಅಪ್ಪ ಮಳವಳ್ಳಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಶಿಂಷಾ ಪವರ್ ಹೌಸಿನಲ್ಲಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಇಂಗ್ಲೆಂಡಿನ ಕಾರು ಅದು. ಅದಕ್ಕೊಂದು ದೊಡ್ಡ ಹೆಸರಿತ್ತು, ಬಾನೆಟ್ಟಿನ ಮೇಲೆ ಬರೆದೂ ಇತ್ತು. ಊರಿನಲ್ಲಿ ಯಾರೂ ಆ ಹೆಸರಿಗೆ ಕೈ ಹಾಕಲಿಲ್ಲ. ಎಲ್ಲರಿಗೂ ಅದು 'ಮಿಲ್ಲಿನ ಕಾರು'. ಹೆಸರುಬೇಳೆ ಬೇಯಿಸಿದ ನೀರಿನ ಬಣ್ಣ. ಒಳಗೆ ಸದಾ ತೌಡಿನ ವಾಸನೆ. ಸೀಟಿನ ಹೊಲಿಗೆಗಳ ಸಂದಿಯಲ್ಲಿ ತೌಡಿನ ಪುಡಿ ಕೂತಿರುತ್ತಿತ್ತು, ಎಷ್ಟು ಒರೆಸಿದರೂ ಎದ್ದು ಬಂದು ನಮ್ಮ ಬಟ್ಟೆಗಂಟುತ್ತಿತ್ತು.

ನಾನು ಮಂಡ್ಯದ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿದ್ದೆ. ಸೋಮವಾರ ಬೆಳಿಗ್ಗೆ ಅಪ್ಪ ಕಾರಿನಲ್ಲಿ ಬಿಡಲು ಬರುತ್ತಿದ್ದರು. ಗೇಟಿನ ಹತ್ತಿರ ಸಿಸ್ಟರೊಬ್ಬರು ನಿಂತು ಒಬ್ಬೊಬ್ಬಳ ರಿಬ್ಬನ್ನು, ಉಗುರು, ಬೂಟು ನೋಡಿ ಒಳಗೆ ಬಿಡುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಕನ್ನಡಿ ಇರಲಿಲ್ಲ, ಇರಕೂಡದು ಎಂಬ ನಿಯಮವಿತ್ತು. ಹಾಗಾಗಿ ನಾನು ಕಾರಿನಿಂದಿಳಿದು, ಬಲಗಡೆಯ ಬೀಡಿಂಗಿನ ಮುಂದೆ ಬಗ್ಗಿ, ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದೆ. ಪಟ್ಟಿಯ ನಡುವೆ ಒಂದು ಏಣು, ಅದರ ಮೇಲೆ ಕೆಳಗೆ ಒಂದೊಂದು ಕಾಲುವೆ, ಬಾಲದ ಕಡೆ ಸಣ್ಣದಾಗುತ್ತ ಹೋಗಿ ಮೀನಿನ ಮೂತಿಯ ಹಾಗೆ ಮುಗಿಯುತ್ತಿತ್ತು. ಅದರಲ್ಲಿ ನನ್ನ ಮುಖ ಸೌತೆಕಾಯಿಯಂತೆ ಅಡ್ಡಡ್ಡ ಎಳೆದುಕೊಂಡು, ಏಣಿನ ಹತ್ತಿರ ಎರಡಾಗಿ, ಹಣೆ ಒಂದು ಕಡೆ ಗಲ್ಲ ಒಂದು ಕಡೆ ಕಾಣುತ್ತಿತ್ತು. ರಿಬ್ಬನ್ನು ನೆಟ್ಟಗಿದೆಯೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕಿತ್ತು. ಈಗಲೂ ನನ್ನ ಮುಖವನ್ನು ನೆನೆಸಿಕೊಂಡರೆ ಮೊದಲು ಬರುವುದು ಆ ಸೌತೆಕಾಯಿಯೇ. ಯಜಮಾನರು ಹೇಳುವ ಪ್ರಕಾರ ಹೋಲಿಕೆ ಪೂರ್ತಿ ಸುಳ್ಳಲ್ಲ.

ಎಡಗಡೆಯ ಬೀಡಿಂಗು ನಾನು ಸಣ್ಣವಳಿದ್ದಾಗಲೇ ಹೋಯಿತು. ಹೋದದ್ದು ಭಾರತೀನಗರದ ಹತ್ತಿರ, ಕಬ್ಬಿನ ಗಾಡಿಗಳ ಸಾಲಿನಲ್ಲಿ. ಕಬ್ಬು ಅರೆಯುವ ಕಾಲದಲ್ಲಿ ಆ ರಸ್ತೆಯಲ್ಲಿ ಎತ್ತಿನ ಗಾಡಿಗಳು ಸಕ್ಕರೆ ಫ್ಯಾಕ್ಟರಿಯವರೆಗೂ ಸಾಲುಗಟ್ಟಿ ನಿಂತಿರುತ್ತಿದ್ದವು. ನಾವು ಮಕ್ಕಳು ಕಿಟಕಿಯಿಂದ ಕೈ ಚಾಚಿ ಕಬ್ಬು ಎಳೆಯಲು ಅನುಕೂಲವಾಗಲಿ ಎಂದು ಅಪ್ಪ ಕಾರನ್ನು ಗಾಡಿಗಳಿಗೆ ತಾಗುವಷ್ಟು ಹತ್ತಿರ ಓಡಿಸುತ್ತಿದ್ದರು. ಒಂದು ಸಲ ತಾಗಿಯೇಬಿಟ್ಟಿತು. ಯಾವುದೋ ಗಾಡಿಯ ಕೊಕ್ಕೆಗೆ ಬೀಡಿಂಗು ಸಿಕ್ಕಿಕೊಂಡು ಕರ್ರೆಂದು ಕಿತ್ತು ಬಂತು. ಅಪ್ಪ ಇಳಿದು ಹೋಗುವಷ್ಟರಲ್ಲಿ ಗಾಡಿಯವನೇ ಜೋರು ಮಾಡಿದ.

"ಏನ್ ಸ್ವಾಮಿ, ನನ್ ಎತ್ತಿನ್ ಮೈ ಸವರ್ಕಂಡೇ ಓಯ್ತೀರಲ್ಲ! ಬೆದರ್‌ಬುಟ್ಟಿದ್ರೆ?"

"ನನ್ನ ಬೀಡಿಂಗ್ ಕಿತ್ತೋಯ್ತಲ್ಲಪ್ಪ."

"ಏನೋ ಒಂದು ಪಟ್ಟಿ ಓಯ್ತು. ಎತ್ತು ಓಗಿದ್ರೆ ತಂದ್ಕೊಡ್ತಿದ್ರಾ?"

ಅಷ್ಟು ಹೊತ್ತಿಗೆ ಸಾಲು ಕದಲಿ, ಹಿಂದಿನವರು ಕೂಗಿ, ಗಾಡಿ ಮುಂದಕ್ಕೆ ಹೋಗಿ, ಪಟ್ಟಿ ಕಬ್ಬಿನ ಜಲ್ಲೆಗಳ ನಡುವೆ ಎಲ್ಲೋ ಸೇರಿಹೋಯಿತು. ಅಪ್ಪ ನಡೆದುಕೊಂಡು ಫ್ಯಾಕ್ಟರಿಯ ಗೇಟಿನವರೆಗೂ ಹುಡುಕಿ ಬರಿಗೈಯಲ್ಲಿ ಬಂದರು. ಆಮೇಲೆ ಮನೆಯಲ್ಲಿ ಕಾಫಿಗೆ ಸಕ್ಕರೆ ಹೆಚ್ಚಾದಾಗಲೆಲ್ಲ ಅಮ್ಮನದು ಒಂದೇ ಮಾತು: "ನಮ್ ಬೀಡಿಂಗು ಕರಗ್ತಾ ಅದೆ, ಚೆನ್ನಾಗ್ ತಿರುಗ್ಸಿ ಕುಡೀರಿ."

ಬಲಗಡೆಯದು ಉಳಿಯಿತು. ಆದರೆ ಅದರಲ್ಲೊಂದು ನೆಗ್ಗು ಇತ್ತು. ಅದು ಅಮ್ಮನದು.

ಕಾರು ಮನೆಗೆ ಬಂದ ಹೊಸತರಲ್ಲಿ ಅಮ್ಮ ಹಿತ್ತಾಳೆ ಕೊಡದಲ್ಲಿ ನೀರು ಹೊತ್ತು ಬರುತ್ತಿದ್ದಳಂತೆ. ತಮಾಷೆಗೆಂದು ಅಪ್ಪ ಹಿಂದಿನಿಂದ ಹಾರನ್ನು ಒತ್ತಿದರು. ಅಮ್ಮ ಬೆಚ್ಚಿ ತಿರುಗಿದಳು, ಸೊಂಟದ ಮೇಲಿನ ಕೊಡವೂ ತಿರುಗಿತು, ಅದರ ಕಂಠ ಹಿಂದಿನ ಬಾಗಿಲಿನ ಬೀಡಿಂಗಿಗೆ ಠಣ್ಣೆಂದು ಬಡಿಯಿತು. ಕೊಡದ ಕಂಠವೂ ನೆಗ್ಗಿತು, ಬೀಡಿಂಗೂ ನೆಗ್ಗಿತು. ಅಪ್ಪ ಎರಡನ್ನೂ ರಿಪೇರಿ ಮಾಡಿಸಲಿಲ್ಲ. "ನಮ್ಮ ಮನೆಯೋಳ ರುಜು ಅದು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅಮ್ಮನಿಗೆ ಮಾತ್ರ ಮೈ ಹಿಡಿಯಷ್ಟಾಗುತ್ತಿತ್ತು. ನೆಂಟರು ಬಂದು ಕಾರಿನ ಸುತ್ತ ನಿಂತರೆ ಸಾಕು, ಅಮ್ಮ ಮೆಲ್ಲಗೆ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಏನೂ ಗೊತ್ತಿಲ್ಲದವಳ ಹಾಗೆ ಸೆರಗನ್ನು ಹರಡಿ ಆ ಜಾಗ ಮುಚ್ಚುತ್ತಿದ್ದಳು.

ಅಪ್ಪ ಹೋದ ಮೇಲೆ ಗಿರಣಿ ನಿಂತಿತು. ಕಾರು ಗಿರಣಿಯ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದುಕೊಂಡು ಉಳಿಯಿತು. ತಮ್ಮ ಮಂಜು ಮಳವಳ್ಳಿಯಲ್ಲೇ ಪಂಪ್‌ಸೆಟ್ಟಿನ ಅಂಗಡಿ ಇಟ್ಟ. ಅಮ್ಮ ಅವನ ಜೊತೆಗಿದ್ದಾಳೆ. ಮಂಜುವಿನ ಮನೆ, ಮನೆಯ ಹಿಂದೆಯೇ ಶೆಡ್ಡು. ಈಗ ಕೆಲವು ವರ್ಷಗಳಿಂದ ಅಮ್ಮನ ಕಣ್ಣಿನ ನರ ಸೋತು ಬೆಳಕು ಕತ್ತಲೆಗಿಂತ ಹೆಚ್ಚೇನೂ ಕಾಣುವುದಿಲ್ಲ. ಬಾಯಿ, ಕಿವಿ, ನೆನಪು ಎಲ್ಲ ನಮಗಿಂತ ಚುರುಕು.

ಕಣ್ಣು ಹೋದ ಮೇಲೆ ಅವಳಿಗೊಂದು ಅಭ್ಯಾಸವಾಯಿತು. ಮಧ್ಯಾಹ್ನ ಊಟವಾದ ಮೇಲೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋಗುವುದು. ಕಾರಿನ ಮುಂದಿನ ಚಕ್ರದ ಮೇಲೆ ಕೈಯಿಟ್ಟು ಬೀಡಿಂಗನ್ನು ಹಿಡಿಯುವುದು. ಅದರ ಏಣಿನ ಮೇಲೆ ಬೆರಳಾಡಿಸುತ್ತ ಹೆಜ್ಜೆ ಹಾಕುವುದು. ಬೆರಳಿಗೆ ನೆಗ್ಗು ಸಿಕ್ಕಿದ ಕೂಡಲೇ ನಿಲ್ಲುವುದು. ಅಲ್ಲಿಂದ ಕೈ ತಾನಾಗಿಯೇ ಹಿಡಿಯ ಮೇಲೆ ಹೋಗಿ ಬಾಗಿಲು ತೆರೆಯುತ್ತಿತ್ತು. ಒಳಗೆ ಕೂತು, ಚಪ್ಪಲಿ ಬಿಟ್ಟು ಕಾಲು ಮಡಚಿ, ಸಂಜೆಯ ಕಾಫಿಯವರೆಗೆ ಅಲ್ಲೇ. ನಾಚಿಕೊಂಡು ಮುಚ್ಚುತ್ತಿದ್ದ ನೆಗ್ಗು ಈಗ ಬಾಗಿಲು ತೋರಿಸುವ ಗುರುತಾಗಿತ್ತು. ನಾನು ಹೋದಾಗಲೆಲ್ಲ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದೆ. "ಅಲ್ಲೇನ್ ಮಾಡ್ತೀಯಮ್ಮ?" ಎಂದು ಒಮ್ಮೆ ಕೇಳಿದೆ. "ತೌಡಿನ ವಾಸ್ನೆ ಕುಡೀತೀನಿ ಕಣೆ ಸೈಲ. ನಿಮ್ಮಪ್ಪ ಗಿರಣಿಯಿಂದ ಬಂದಂಗಾಯ್ತದೆ" ಅಂದಳು. ಕಾನ್ವೆಂಟಿನಲ್ಲಿ ಎಷ್ಟೇ ತಿದ್ದಿಸಿಕೊಂಡರೂ ನಾನು ಅಮ್ಮನಿಗೆ ಶೈಲಾ ಆಗಲಿಲ್ಲ.

ಒಂದು ದಿನ ಕಾರಿನ ನೆಲದ ತಗಡು ತುಕ್ಕು ಹಿಡಿದು ಅಮ್ಮನ ಕಾಲು ಒಳಗಿಳಿಯಿತು. ತರಚಿ ಹೋಯಿತಷ್ಟೆ. ಆದರೆ ಮಂಜು ಹೆದರಿದ. ಕಾರನ್ನು ಪೂರ್ತಿ ರೆಡಿ ಮಾಡಿಸಿಯೇ ಬಿಡುವುದು ಎಂದು ನಿಶ್ಚಯಿಸಿದ. ಅಮ್ಮನೂ ಒಂದು ಆಸೆ ಹೇಳಿದಳು. ಅವಳ ತೌರು ಹಲಗೂರಿನಾಚೆಯ ಹಳ್ಳಿ.

"ರೆಡಿಯಾದ್ರೆ ಒಂದ್ಸಲ ಅದ್ರಲ್ಲೇ ನಮ್ಮೂರಿಗೆ ಕರ್ಕೊಂಡೋಗ್ಲಾ ಮಂಜ. ಮದ್ವೆಯಾದ ಮೇಲೆ ನಿಮ್ಮಪ್ಪ ಮೊದ್ಲು ಕರ್ಕೊಂಡೋಗಿದ್ದು ಅದ್ರಲ್ಲೇಯ. ಆಮೇಲೆ ತಂದು ಸೆಡ್ಡಲ್ಲಿ ನಿಲ್ಲುಸ್ಬುಡು. ನನ್ ಪಾಡಿಗೆ ಕೂತಿರ್ತೀನಿ."

ಕಾರು ಮಂಡ್ಯದ ಗ್ಯಾರೇಜಿಗೆ ಬಂತು. ಅಮ್ಮನ ಮಧ್ಯಾಹ್ನಗಳು ಖಾಲಿಯಾದವು. ನಾನು ಫೋನು ಮಾಡಿದಾಗಲೆಲ್ಲ ಊಟವಾಯಿತೇ ಎಂದು ಕೇಳುವುದಕ್ಕೂ ಮೊದಲು, "ಕಾರು ಯಾವಾಗ್ ಬತ್ತದೆ?" ಎಂದು ಕೇಳುತ್ತಿದ್ದಳು.

ನೆಲದ ತಗಡು ಬಂತು, ಬ್ರೇಕು ಬಂತು, ಇಂಜಿನ್ನೂ ಉಸಿರಾಡಿತು. ಎಡಗಡೆಯ ಬೀಡಿಂಗು ಮಾತ್ರ ಎಲ್ಲೂ ಇಲ್ಲ. ಮಂಜು ಹಳೆಯ ಕಾರುಗಳ ಹುಚ್ಚಿರುವವರ ಗುಂಪುಗಳನ್ನೆಲ್ಲ ಮೊಬೈಲಿನಲ್ಲಿ ಸೇರಿಕೊಂಡ. ಮೈಸೂರಿನ ಗುಜರಿಯವನು, "ಆ ಮಾಡೆಲ್‌ಗೆ ಇಂಜಿನ್ ಬೇಕಾ, ಇಡೀ ಗೇರ್‌ಬಾಕ್ಸ್ ಬೇಕಾ ಕೊಡ್ತೀನಿ ಸಾರ್. ಬೀಡಿಂಗ್ ಕೇಳ್ಬೇಡಿ" ಎಂದ. ಕೊಯಮತ್ತೂರಿನಿಂದ ಯಾರೋ ಕಳಿಸಿದ್ದು ಏಣಿಲ್ಲದ ಚಪ್ಪಟೆ ಪಟ್ಟಿ. ನಮ್ಮ ಮಂಡ್ಯದ ಅಂಗಡಿಯವನಂತೂ ಹೊಳೆಯುವ ಟೇಪಿನ ಸುರುಳಿ ತೆಗೆದಿಟ್ಟು, "ಅಂಟಿಸ್ಬುಡಿ ಮೇಡಮ್, ದೂರಕ್ಕೆ ಗೊತ್ತಾಗಲ್ಲ" ಅಂದ. ದೂರದಿಂದ ನೋಡುವವರಿಗಾದರೆ ಸರಿ. ಕೈಯಲ್ಲಿ ನೋಡುವವಳಿಗೆ?

ಕೊನೆಗೆ ಯಾರೋ ಮದ್ದೂರಿನ ಆಚಾರ್ಯರ ಹೆಸರು ಹೇಳಿದರು. ಶಿವಪುರದ ಸತ್ಯಾಗ್ರಹ ಸೌಧ ದಾಟಿ, ಬಲಕ್ಕೆ ತಿರುಗಿದರೆ ಅವರ ಮನೆ. ಪುಟ್ಟಾಚಾರ್ರು ಎಂದೇ ಎಲ್ಲರೂ ಕರೆಯುವುದು. ಊರೂರಿನ ದೇವರುಗಳಿಗೆ ಹಿತ್ತಾಳೆ, ಬೆಳ್ಳಿಯ ಕವಚ ಮಾಡುವವರು. ಮಂಜು ಬಲಗಡೆಯ ಹಳೆಯ ಬೀಡಿಂಗನ್ನು ಮಾದರಿಗೆಂದು ಬಿಚ್ಚಿ, ಪಂಚೆಯಲ್ಲಿ ಸುತ್ತಿ ತಂದಿದ್ದ. ಬಿಚ್ಚುವಾಗ ಒಂದು ಕ್ಲಿಪ್ಪು ಸಿಡಿದು ನನ್ನ ಮಡಿಲಿಗೆ ಬಿತ್ತು. ಕಳೆದುಹೋದೀತೆಂದು ಪರ್ಸಿನಲ್ಲಿ ಹಾಕಿಕೊಂಡೆ. ಅದೇ ಮೊನ್ನೆ ಸಿಕ್ಕಿದ್ದು.

ಪುಟ್ಟಾಚಾರ್ರು ಹೆಮ್ಮೆಯ ಮನುಷ್ಯ. ನಾವು ಕೂರುವ ಮೊದಲೇ ತಾವು ಕವಚ ಮಾಡಿದ ದೇವರುಗಳ ಪಟ್ಟಿ ಒಪ್ಪಿಸಿದರು. ಒಂದೂರಿನ ಮಾರಮ್ಮನಿಗೆ ತಾವು ಮಾಡಿದ ಮೂಗಿನ ಮುಂದೆ ಹಳೆಯ ಮೂಗು ಏನೇನೂ ಅಲ್ಲ ಎಂದರು. ಆಮೇಲೆ ಪಟ್ಟಿಯನ್ನು ಬಿಡಿಸಿ ನೋಡಿ ಮುಖ ಸಿಂಡರಿಸಿದರು.

"ಕಾರಿನ್ ಸಾಮಾನಾ? ನಾವು ಇಂತವ್ಕೆಲ್ಲ ಕೈ ಆಕಾಕಿಲ್ಲ ಕಣಪ್ಪ. ಯಾವ್ದಾರ ಲೇತಿನವ್ನ ತವು ಓಗಿ."

"ಲೇತಿನೋರ ಕೈಲಿ ಆಗ್ಲಿಲ್ಲ ಆಚಾರ್ರೆ. ಹಿತ್ತಾಳೆ ಮೇಲೆ ಕೋಟಿಂಗು ಇರೋದು ಇದು. ನಿಮ್ ಕೈಯೇ ಬೇಕು."

"ದೇವ್ರ ಕೆಲ್ಸ ಬುಟ್ಟು ಬೀಡಿಂಗ್ ಬಡೀತಾವ್ನೆ ಪುಟ್ಟಾಚಾರಿ ಅನ್ನಲ್ವಾ ಜನ?"

ಮಂಜುವಿಗೆ ಹೇಗಾದರೂ ಒಪ್ಪಿಸುವ ಆತುರ. "ನಮ್ಮನೆಗೆ ಅದು ದೇವ್ರಿದ್ದಂಗೆ ಆಚಾರ್ರೆ. ನಮ್ಮವ್ವ ದಿನಾ ಅದನ್ನ ಮುಟ್ಟಿ ಕೂರ್ತಿದ್ಲು. ಕವಚ ಅಂದ್ಕೊಂಡೇ ಮಾಡ್ಕೊಡಿ" ಎಂದ. ನನಗೂ ಆ ಮಾತು ಚೆನ್ನಾಗಿದೆ ಅನ್ನಿಸಿತು.

"ಕವಚ ಅಂದ್ಕಂಡೇ ಮಾಡ್ಲಾ?" ಎಂದು ಆಚಾರ್ಯರು ಕೇಳಿದರು.

"ಹಂಗೇ ಮಾಡಿ."

"ಸರಿ, ಅಂಗಾದ್ರೆ ಬುಟ್ಟೋಗಿ" ಎಂದು ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಗಡು ಬಡಿಯುವ ಅರಗಿನ ಹಾಸಿನ ಪಕ್ಕದಲ್ಲಿದ್ದ ಒಂದು ದೇವಿಯ ಅರೆಬರೆ ಮುಖದ ಮುಂದೆ ಇಟ್ಟರು.

ಆಮೇಲೆ ಅವರು ನಮ್ಮನ್ನು ಕಾಯಿಸಿದ್ದು ಕೇಳಬೇಡಿ. ಯಾವುದೋ ಊರಿನ ಜಾತ್ರೆ ಹತ್ತಿರ ಬಂತು ಎಂದರು, ಅಮಾವಾಸ್ಯೆ ಎಂದರು, ಅಚ್ಚಿಗೆ ಒಳ್ಳೆಯ ಮರ ಸಿಕ್ಕಿಲ್ಲ ಎಂದರು. ಅಷ್ಟರಲ್ಲಿ ಗ್ಯಾರೇಜಿನಲ್ಲಿ ಪೈಂಟಿನವನು ಬಾಗಿಲ ಮೇಲಿದ್ದ ಕಲೆ ಗೀರುಗಳಿಗೆಲ್ಲ ಪುಟ್ಟಿ ಹಚ್ಚಿ, ತಿಕ್ಕಿ, ಹೆಸರುಬೇಳೆ ನೀರಿನ ಬಣ್ಣವನ್ನೇ ಬಳಿದು ಮುಗಿಸಿದ್ದ.

ಕಡೆಗೊಂದು ದಿನ ಬನ್ನಿ ಎಂದು ಫೋನು ಬಂತು. ಹೋದೆವು. ಆಚಾರ್ಯರು ಸ್ನಾನ ಮಾಡಿ, ವಿಭೂತಿ ಹಚ್ಚಿ ಕೂತಿದ್ದರು. ಮಣೆಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ ಉದ್ದನೆಯ ಗಂಟು. ಅದಕ್ಕೆ ಅರಿಶಿನ ಕುಂಕುಮ ಬೇರೆ. ಬಿಚ್ಚಿದರೆ ಎರಡು ಪಟ್ಟಿಗಳು, ಎಡದ್ದೊಂದು ಬಲದ್ದೊಂದು. ಕೋಟಿಂಗು ಇನ್ನೂ ಆಗಬೇಕಿತ್ತು, ಆದರೆ ಆ ಏಣು, ಆ ಕಾಲುವೆ, ಆ ಮೀನಿನ ಮೂತಿ! ನನಗೆ ಬಗ್ಗಿ ಮುಖ ನೋಡಿಕೊಳ್ಳುವ ಹಾಗಾಯಿತು. ನೋಡಿಕೊಂಡೆ ಕೂಡ. ಹಳದಿ ಸೌತೆಕಾಯಿ.

"ಎರಡೂ ಹೊಸದು ಮಾಡಿದೀರಲ್ಲ ಆಚಾರ್ರೆ" ಎಂದ ಮಂಜು ಖುಷಿಯಿಂದ. "ಒಂದು ಸಾಕಿತ್ತು. ಹಳೇದು ಎಲ್ಲಿ?"

"ಇದ್ರೊಳಗೇ ಅದೆ."

"ಅಂದ್ರೆ?"

"ಕರಗ್ಸಿ ಸೇರ್ಸಿವ್ನಿ. ಎರಡ್ಕೂ ಸಮಸಮ. ಹಳೇ ಕವಚ ಕರಗ್ಸಿ ಹೊಸದಕ್ಕೆ ಹುಯ್ದಿಲ್ಲ ಅಂದ್ರೆ ಅದ್ರಲ್ಲಿ ಕಳೆ ಬರಾಕಿಲ್ಲ ಕಣಪ್ಪ. ಅದೂ ಅಲ್ದೆ ಅದು ಮುಕ್ಕಾಗಿತ್ತು. ಮುಕ್ಕಾದ್ದ ಗುಡೀಲಿ ಮಡೀಕಬಾರ್ದು. ಒಂದು ಹೊಳೆಗೆ ಬುಡ್ಬೇಕು, ಇಲ್ಲ ಕರಗುಸ್ಬೇಕು. ನೀವೇ ಯೇಳುದ್ರಲ್ಲ, ಕವಚ ಅಂದ್ಕಂಡು ಮಾಡಿ ಅಂತ?"

ಮಂಜು ಬಲಗಡೆಯ ಪಟ್ಟಿಯನ್ನೆತ್ತಿ ನೆಗ್ಗಿರಬೇಕಾದ ಕಡೆ ಬೆರಳಾಡಿಸಿದ. ಹಿಂದಿನ ಕೋಣೆಯಲ್ಲಿ ಯಾರೋ ಕುಕ್ಕರಿನ ಸೀಟಿ ಎಣಿಸುತ್ತಿದ್ದರು. ಆಚಾರ್ಯರಿಗೂ ಏನೋ ತಪ್ಪಿದೆ ಎಂಬ ಅನುಮಾನ ಬಂದಿರಬೇಕು, ದನಿ ಇಳಿಸಿ, "ಎಲ್ಲೂ ಓಗಿಲ್ಲ ಕಣವ್ವ. ಒಂದ್ ಗುಲಗಂಜಿಯಷ್ಟೂ ಆಚೆ ಆಕಿಲ್ಲ" ಎಂದು ನನಗೆ ಸಮಾಧಾನ ಹೇಳಿದರು. ಅವರನ್ನು ಏನೆಂದು ಬೈಯುವುದು? ಗೌರವ ಹೆಚ್ಚಾಗಿ ಆದ ಅನಾಹುತ ಅದು. ಹಳೆಯದರಲ್ಲಿ ನೆಗ್ಗು ಎಲ್ಲಿತ್ತು ಎಂದಾದರೂ ನೆನಪಿದೆಯೇ ಎಂದು ಕೇಳಿದೆ. "ನೆಗ್ಗ ಯಾವನಾರ ನೆಪ್ಪಿಟ್ಕತಾನಾ? ನಾ ನೋಡೋದು ಅಂಚು, ಏಣು" ಎಂದರು.

ವಾಪಸು ಬರುವಾಗ ಮಂಜು, "ಅಕ್ಕ, ಒಂದು ನೆಗ್ಗು ತಾನೇ? ನಾವೇ ಹಾಕ್ಬುಡಾಣ" ಎಂದ.

ಕೇಳಲು ಸುಲಭ. ಎಲ್ಲಿ ಹಾಕುವುದು? ಹಿಡಿಗಿಂತ ಮುಂಚೆ ಒಂದು ಗೇಣು ಎಂದು ಅವನು. ಅಷ್ಟಿಲ್ಲ, ನಾಲ್ಕು ಬೆರಳು ಎಂದು ನಾನು. ಮೇಲಿನ ಕಾಲುವೆಯಲ್ಲಿತ್ತು ಎಂದು ಅವನು, ಏಣಿನ ಮೇಲೇ ಎಂದು ನಾನು. ಟೀವಿಯಲ್ಲಿ ವಾರ್ತೆ ಓದುವವರ ಕೋಟಿನಲ್ಲಿ ಗುಂಡಿ ಹೋಗಿದ್ದರೆ ನನಗೆ ಕಾಣುತ್ತದೆ, ಪಕ್ಕದ ಮನೆಯವರು ರಂಗೋಲಿಯಲ್ಲಿ ಒಂದು ಚುಕ್ಕೆ ತಪ್ಪಿದರೆ ಕಾಣುತ್ತದೆ. ಅಮ್ಮನ ಬೆರಳು ನಿಲ್ಲುತ್ತಿದ್ದದ್ದನ್ನು ಅಷ್ಟು ಸಲ ನೋಡಿದ್ದೇನೆ. ಆದರೆ ನಾನು ನೋಡುತ್ತಿದ್ದದ್ದು ಅಮ್ಮನ ಮುಖವನ್ನು, ಬೆರಳಿಗೆ ಅದು ಸಿಕ್ಕಿದಾಗ ಅಲ್ಲಿ ಬರುತ್ತಿದ್ದ ನೆಮ್ಮದಿಯನ್ನು.

ಫೋಟೋಗಳಿವೆಯಲ್ಲ ಎಂದು ಆಲ್ಬಮ್ಮು ತೆಗೆದೆವು. ಕಾರಿನ ಫೋಟೋಗಳು ಬೇಕಾದಷ್ಟಿದ್ದವು. ಆಯುಧಪೂಜೆಯ ಹೂವಿನಲ್ಲಿ, ನನ್ನ ಮದುವೆಯ ಮಾವಿನ ಸೊಪ್ಪಿನಲ್ಲಿ, ಮಂಜು ಬಾನೆಟ್ಟಿನ ಮೇಲೆ ಕಾಲು ಚಾಚಿ ಕೂತದ್ದು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಬಲಗಡೆ ಕಾಣುವ ಎಲ್ಲ ಫೋಟೋಗಳಲ್ಲೂ ಹಿಂದಿನ ಬಾಗಿಲಿನ ಮುಂದೆ ಅಮ್ಮ ನಿಂತಿದ್ದಾಳೆ. ಒಂದರಲ್ಲಿ ಗಂಭೀರವಾಗಿ, ಒಂದರಲ್ಲಿ ನಗುತ್ತ, ಒಂದರಲ್ಲಿ ಯಾರನ್ನೋ ಗದರುತ್ತ. ಸೀರೆಗಳು ಬದಲಾಗಿವೆ, ಕೂದಲು ಬೆಳ್ಳಗಾಗುತ್ತ ಬಂದಿದೆ. ಸೆರಗು ಮಾತ್ರ ಎಲ್ಲದರಲ್ಲೂ ಅದೇ ಜಾಗದಲ್ಲಿ, ಅಗಲವಾಗಿ ಹರಡಿಕೊಂಡಿದೆ.

ಮಂಜು ನಗಲು ಶುರು ಮಾಡಿದ. ನಾನೂ ನಕ್ಕೆ. ಆಮೇಲೆ ಇಬ್ಬರಿಗೂ ನಗು ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ.

ಕೋಟಿಂಗು ಮುಗಿದು, ಪಟ್ಟಿಗಳನ್ನು ಹೊಸ ಕ್ಲಿಪ್ಪುಗಳಲ್ಲಿ ಕೂರಿಸಿದ ಮೇಲೆ ಮಂಜು ಅಟ್ಟದಿಂದ ಆ ಹಳೆಯ ಹಿತ್ತಾಳೆ ಕೊಡವನ್ನೇ ಗ್ಯಾರೇಜಿಗೆ ತಂದ. ಹೊಡೆಯಲು ಅವನ ಕೈ ಏಳಲಿಲ್ಲ, ನನ್ನ ಕೈಗೆ ಕೊಟ್ಟ. ಏಣಿನ ಮೇಲೆ, ಅವನ ಗೇಣಿಗೂ ನನ್ನ ನಾಲ್ಕು ಬೆರಳಿಗೂ ನಡುವೆ ಒಂದು ಜಾಗ ಗೊತ್ತು ಮಾಡಿ, ಕೊಡದ ಕಂಠದಿಂದ ಮೆಲ್ಲಗೆ ತಟ್ಟಿದೆ. ಏನೂ ಆಗಲಿಲ್ಲ. ಪುಟ್ಟಾಚಾರ್ರ ಕೆಲಸ ಅಷ್ಟು ಗಟ್ಟಿ. ಇನ್ನೊಮ್ಮೆ ಬೀಸಿ ಹೊಡೆದೆ.

"ಅಯ್ಯಯ್ಯೋ! ಏನ್ ಮೇಡಮ್ಮೋರೆ ನೀವು!" ಮೇಸ್ತ್ರಿ ಕಾರಿನಡಿಯಿಂದ ತೆವಳಿಕೊಂಡು ಬಂದ. "ವರ್ಸಾನುಗಟ್ಲೆ ಉಡುಕಿ ಮಾಡ್ಸಿರೋ ಬೀಡಿಂಗ್ಗೆ ಕೊಡದಲ್ಲಿ ಬಡೀತಾರಾ ಯಾರಾರ? ಮಂಜಣ್ಣ, ಮನೇಲಿ ಏನಾರ ಜಗಳವಾ?"

ನೆಗ್ಗು ಬಿದ್ದಿತ್ತು. ಸಣ್ಣದು, ಚೂಪಾದದ್ದು. ಬೆರಳಿಟ್ಟು ನೋಡಿದೆ, ಇರಬಹುದು ಅನ್ನಿಸಿತು. ಹಾಗೆ ಅನ್ನಿಸಲಿ ಎಂದು ಮನಸ್ಸೇ ಹೇಳಿಕೊಡುತ್ತಿತ್ತೋ ಏನೋ.

ಒಂದು ಭಾನುವಾರ ಬೆಳಿಗ್ಗೆ ಕಾರು ಮಳವಳ್ಳಿಯ ಮನೆಯ ಮುಂದೆ ಬಂದು ನಿಂತಿತು. ಅಮ್ಮ ತೌರಿಗೆ ಹೋಗುವ ಸಡಗರದಲ್ಲಿ ಮಡಿಕೆ ಬಿಚ್ಚದ ಸೀರೆಯುಟ್ಟು, ಮಡಿಲಲ್ಲಿ ವೀಳ್ಯದೆಲೆ ಕಟ್ಟಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದಳು. "ಕೈ ಹಿಡೀಬೇಡ ಬುಡೆ, ನಮ್ ಕಾರು ನಂಗೆ ಗೊತ್ತಿಲ್ವಾ?" ಎಂದು ನನ್ನ ಕೈ ಕೊಸರಿಕೊಂಡು ಇಳಿದಳು. ಮುಂದಿನ ಚಕ್ರದ ಮೇಲೆ ಕೈಯಿಟ್ಟಳು. ಬೀಡಿಂಗು ಹಿಡಿದಳು. ಬೆರಳು ಏಣಿನ ಮೇಲೆ ಹರಿಯುತ್ತ ಬಂತು. ಮಂಜು ಬಾಗಿಲ ಪಕ್ಕದಲ್ಲಿ ನಿಂತಿದ್ದ.

ಬೆರಳು ನೆಗ್ಗಿನ ಮೇಲೆ ಬಂತು. ನಿಂತಿತು. ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು. ಹಿಡಿಯನ್ನು ಹುಡುಕಿ ಸಿಗದೆ ಮತ್ತೆ ನೆಗ್ಗಿಗೇ ಬಂತು.

"ಅಯ್ಯೋ ಪಾಪ" ಎಂದಳು ಅಮ್ಮ. "ಯಾರೋ ಹೊಸ ಕಾರಿಗೆ ಗುದ್ಬುಟ್ಟವ್ರಲ್ಲೋ. ಯಾರ್ದ್ಲಾ ಇದು ಮಂಜ?"

"ನಮ್ದೇ ಕಣಮ್ಮ."

ನಾನು ಬಾಗಿಲು ತೆಗೆದು ಕೂರಿಸಿದೆ. ಸೀಟಿನ ಹೊಸ ರೆಕ್ಸಿನ್ನಿನ ಮೇಲೆ ಕೈ ಸವರಿದಳು, ಒಮ್ಮೆ ಮೂಗೆಳೆದುಕೊಂಡಳು. ತೌಡಿಲ್ಲ. ಆಮೇಲೆ, ಪರರ ಮನೆಯ ಸೋಫಾದ ಮೇಲೆ ಕೂರುವವರ ಹಾಗೆ, ತುದಿಯಲ್ಲಿ ಮಾತ್ರ ಕೂತಳು. ಕಾಲು ಮಡಚಲಿಲ್ಲ.

ಊರು ದಾಟಿದ ಮೇಲೆ ಕೇಳಿದಳು: "ಮಾರ್ಬುಟ್ರಾ?"

"ಇಲ್ಲಮ್ಮ, ಆಣೆಗೂ ಇದೇನೇ ನಮ್ದು" ಎಂದ ಮಂಜು. "ಹಳೇ ಬೀಡಿಂಗ್ನ ಆಚಾರ್ರು ಕರಗ್ಸಿ ಇದ್ರೊಳಗೇ ಹಾಕವ್ರೆ. ಅದೇ ಇದು."

ಅಮ್ಮ ನಕ್ಕಳು. "ಕಾರಿನ ಪಟ್ಟಿಯ ಯಾರಾರ ಕರಗುಸ್ತಾರಾ? ಆಗ್ಲೊಂದು ಸಕ್ರೆ ಆಯ್ತು, ಈಗೊಂದು ಕರಗೋಯ್ತು! ಸುಳ್ಳು ಹೇಳಾದಾದ್ರೂ ನೆಟ್ಗೆ ಹೇಳ್ಲಾ." ಆಮೇಲೆ ಮುಂದಕ್ಕೆ ಬಗ್ಗಿ, ತಡವಿ, ಅವನ ಭುಜದ ಮೇಲೆ ಕೈಯಿಟ್ಟಳು. "ಇರ್ಲಿ ಬುಡು. ನಿಂಗೂ ಏನ್ ಕಷ್ಟವಿತ್ತೋ. ನಂಗೇನ್ ಬೇಜಾರಿಲ್ಲ."

ಮಾಡದ ತಪ್ಪಿಗೆ ಸಿಕ್ಕುವ ಕ್ಷಮೆಯನ್ನು ಏನು ಮಾಡುವುದೆಂದು ನನಗೆ ಈಗಲೂ ಗೊತ್ತಿಲ್ಲ. ಮಂಜು ಹಲಗೂರಿನವರೆಗೂ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ತೌರಿನವರು ಕಾರಿನ ಸುತ್ತ ಸೇರಿ ಹೊಗಳಿದರು. ಒಬ್ಬರು ಬೀಡಿಂಗನ್ನು ಉಗುರಿನಿಂದ ಮೀಟಿ ನೋಡಿದರು. ಎಲ್ಲರನ್ನೂ ನಿಲ್ಲಿಸಿ ಮಂಜು ಫೋಟೋಗೆಂದು ಮೊಬೈಲು ಎತ್ತಿದ. "ಇರ್ಲಾ, ತಡಿ" ಎಂದಳು ಅಮ್ಮ. ಕಾರಿಗೆ ಬೆನ್ನು ತಿರುಗಿಸಿ, ಒಂದು ಕೈಯನ್ನು ಹಿಂದಕ್ಕೆ ಚಾಚಿ ಬೀಡಿಂಗಿನ ಮೇಲೆ ತಡವಿದಳು. ನಾನು ಹೊಡೆದ ಆ ನೆಗ್ಗು ಸಿಕ್ಕಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅದರ ಮುಂದೆ ನಿಂತು, ಸೆರಗನ್ನು ಅಗಲವಾಗಿ ಹರಡಿಕೊಂಡಳು.

"ಯಾರ್ದೋ ಏನೋ, ಪಾಪ. ಮುಕ್ಕು ಯಾಕ್ ಕಾಣ್ಬೇಕು? ಊಂ, ತೆಗಿ ಈಗ."

ಕಾರು ಈಗ ಶೆಡ್ಡಿನಲ್ಲಿದೆ. ಅಮ್ಮ ಊಟವಾದ ಮೇಲೆ ಜಗಲಿಯ ಕುರ್ಚಿಯಲ್ಲೇ ಕೂರುತ್ತಾಳೆ. ಫೋನು ಮಾಡಿದರೆ ಮೊದಲು ಊಟವಾಯಿತೇ ಎಂದು ಕೇಳುತ್ತಾಳೆ. ಕಾರು ಯಾವಾಗ ಬರುತ್ತದೆ ಎಂದು ಈಗ ಕೇಳುವುದಿಲ್ಲ.

ಈ ಕ್ಲಿಪ್ಪನ್ನು ಅವಳ ಕೈಗೆ ಕೊಟ್ಟು ನೋಡಲೇ ಎಂದು ಮೊನ್ನೆ ಒಂದು ಗಳಿಗೆ ಯೋಚಿಸಿದೆ. ಕರಗದೆ ಉಳಿದಿರುವುದು ಇದೊಂದೇ. ಆದರೆ ಇದು ಪಟ್ಟಿಯ ಹಿಂದೆ, ಕತ್ತಲಲ್ಲಿ ಇದ್ದದ್ದು. ಅಮ್ಮನ ಬೆರಳು ಇದನ್ನು ಒಮ್ಮೆಯೂ ಮುಟ್ಟಿಲ್ಲ. ಮತ್ತೆ ಗುಂಡಿಗಳ ಜೊತೆಗೇ ಹಾಕಿ ಮುಚ್ಚಳ ಒತ್ತಿದೆ. ಯಜಮಾನರ ಅಂಗಿಗೆ ಬಣ್ಣ ಹೊಂದದ ಗುಂಡಿಯನ್ನೇ ಹೊಲಿದುಕೊಟ್ಟೆ, ಅವರು ಅದನ್ನು ಗಮನಿಸುವವರಲ್ಲ. ತೌರಿನಲ್ಲಿ ತೆಗೆದ ಆ ಫೋಟೋ ನನ್ನ ಮೊಬೈಲಿನಲ್ಲಿದೆ. ಅಮ್ಮ ಚೆನ್ನಾಗಿ ಬಂದಿದ್ದಾಳೆ. ಇದರಲ್ಲೂ ನೆಗ್ಗು ಕಾಣುವುದಿಲ್ಲ.